ಹುಟ್ಟುವಾಗ ತರಲು ಮರೆತ ಕಾಯಿಲೆಯ ಬಗ್ಗೆ

ವಿಮಾ ಕಚೇರಿಯ ಮಂಜೂರಾತಿ ಅಧಿಕಾರಿಗಳಾದ ಮಾನ್ಯರೇ,

ನನ್ನ ಹೆಂಡತಿಯ ರಕ್ತ ಹೆಪ್ಪುಗಟ್ಟುತ್ತಿಲ್ಲ. ನಿಮ್ಮ ಮೇಜಿನ ಮೇಲೆ ಅವಳ ಕಡತ ಮಾತ್ರ ಚೆನ್ನಾಗಿ ಹೆಪ್ಪುಗಟ್ಟಿ ಕೂತಿದೆ. ಇವೆರಡನ್ನೂ ಅದಲುಬದಲು ಮಾಡಿಕೊಡಿ ಎಂದು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆಯೇ ಕೇಳುತ್ತಿದ್ದೇನೆ.

ನಾನು ಹಾಸಿಗೆ ವ್ಯಾಪಾರಿ. ತಲೆಯ ಮೇಲೆ ಹೊತ್ತು ಬೀದಿ ಸುತ್ತಿ ಮಾರಿದವನಿಗೆ ಈಗ ಸ್ವಂತ ಅಂಗಡಿಯಿದೆ. ಕಳೆದ ತಿಂಗಳು ನನ್ನವಳ ಮೈಮೇಲೆ ಏಟಿಲ್ಲದೆಯೇ ನೀಲಿ ಬಾವುಗಳೆದ್ದವು. ಜನ ಅವಳ ತೋಳು ನೋಡಿದರು, ಆಮೇಲೆ ನನ್ನ ಕೈ ನೋಡಿದರು. “ಅಷ್ಟು ಮೆತ್ತಗಿನ ಹಾಸಿಗೆ ಮಾರೋರು ನೀವು, ಮನೇಲಿ ಯಾಕಣ್ಣಾ ಹೀಗೆ?” ಎಂದು ಎದುರಂಗಡಿಯ ದರ್ಜಿ ಕೇಳಿಯೂ ಬಿಟ್ಟ. ಮದುವೆಯಾದಂದಿನಿಂದ ಅವಳೆದುರು ಮಾತಿನಲ್ಲೇ ಗೆದ್ದವನಲ್ಲ ನಾನು, ಇನ್ನು ಕೈ ಎತ್ತುವ ಮಾತೆಲ್ಲಿ?

ಕೊನೆಗೆ ನನ್ನನ್ನು ಖುಲಾಸೆ ಮಾಡಿದ್ದು ರಕ್ತದ ಡಾಕ್ಟರಮ್ಮ. ನನ್ನವಳ ರಕ್ತದ ತಿಳಿನೀರಾದ ಪ್ಲಾಸ್ಮಾಕ್ಕೆ ಆರೋಗ್ಯವಂತರದ್ದನ್ನು ಬೆರೆಸಿ ನೋಡಿದರೂ ಹೆಪ್ಪುಗಟ್ಟಲು ಸತಾಯಿಸಿತಂತೆ. “ರಕ್ತ ನಿಲ್ಲಿಸೋ ಅಂಶಾನ ಇವರ ಮೈಯೇ ಕೆಡಿಸ್ತಿದೆ. ಹುಟ್ಟಿನಿಂದ ಇದ್ದದ್ದಲ್ಲ, ಈಗ ಶುರುವಾಗಿದ್ದು. ತುಂಬ ಅಪರೂಪ” ಎಂದರು. ಮೈಯ ಈ ಹುಚ್ಚಾಟ ಅಡಗಿಸಲು ಮಾತ್ರೆ, ಅಲ್ಲಿಯವರೆಗೆ ರಕ್ತ ನಿಲ್ಲಿಸಲು ಚುಚ್ಚುಮದ್ದು. ಮಾತ್ರೆ ಶುರುವಾಗಿದೆ. ಚುಚ್ಚುಮದ್ದು ಆಸ್ಪತ್ರೆಯಲ್ಲೇ ಇದೆ. ನಿಮ್ಮ ಸಹಿಯಿಲ್ಲದೆ ಅದು ಕದಲುವುದಿಲ್ಲ.

ನಿಮ್ಮ ಮೊದಲನೇ ಕಿಟಕಿಯವರು ಕಂಪ್ಯೂಟರ್ ನೋಡಿ ಹೇಳಿದರು: “ಇದು ಹುಟ್ಟಿನಿಂದ್ಲೇ ಬರೋದು ಸಾರ್. ಅದೂ ಗಂಡಸರಿಗೆ. ಮಧ್ಯದಲ್ಲಿ ಬರೋದಕ್ಕೆ ಇಲ್ಲಿ ಜಾಗಾನೇ ಇಲ್ಲ. ಹುಟ್ಟಿನಿಂದ ಇತ್ತು ಅಂತ ಬರೆದುಕೊಡಿ, ಆಗೋಗುತ್ತೆ.”

ಬರೆಯುವ ಮುನ್ನ ಎರಡನೇ ಕಿಟಕಿಯಲ್ಲಿ ವಿಚಾರಿಸಿದೆ. “ಹುಟ್ಟಿನಿಂದ ಇದ್ರೆ ಹಳೇ ಕಾಯಿಲೆ. ಅದಕ್ಕೆ ವಿಮೆ ಬರಲ್ಲ.”

ಅಂದರೆ ಈಗ ಬಂದಿದ್ದರೆ ಅದು ಕಾಯಿಲೆಯಲ್ಲ, ಆಗಲೇ ಇದ್ದಿದ್ದರೆ ನಿಮ್ಮ ಜವಾಬ್ದಾರಿಯಲ್ಲ. ನಾನೂ ವ್ಯಾಪಾರ ಮಾಡಿದವನೇ ಸ್ವಾಮೀ. ಮಲಗಿದರೆ ಇದು ಹಾಸಿಗೆಯಲ್ಲ, ಎದ್ದರೆ ಮಾರುವುದಿಲ್ಲ ಎಂದು ಗಿರಾಕಿಗೆ ಹೇಳುವ ಎದೆಗಾರಿಕೆ ನನಗಿನ್ನೂ ಬಂದಿಲ್ಲ.

ನಿನ್ನೆ ಅವಳ ಮುಂಗೈ ಊದಿ ಬಿಗಿದು, ಬೆರಳು ಮಡಚಲಾಗುತ್ತಿರಲಿಲ್ಲ. “ಒಳಗೇ ಸೋರ್ತಿದೆ, ಇನ್ನು ಕಾಯೋ ಹಾಗಿಲ್ಲ” ಎಂದರು ಡಾಕ್ಟರಮ್ಮ. ನನ್ನವಳಿಗೆ ನಿಮ್ಮ ಎರಡೂ ಕಿಟಕಿಗಳ ಕಥೆ ಹೇಳಿದೆ. ಅವಳಿಗೆ ಆ ನೋವಿನಲ್ಲೂ ನಗು. “ರೀ, ಆ ಸಾಹೇಬರಿಗೆ ಹೇಳಿ, ಬೇಕಿದ್ರೆ ಇನ್ನೊಂದ್ಸಲ ಹುಟ್ಟಿ, ಕಾಯಿಲೆ ಜೊತೇಲೇ ತರ್ತೀನಿ. ಆದ್ರೆ ಆಗ ಹಾಸಿಗೆ ಮಾರೋನನ್ನ ಮಾತ್ರ ಕಟ್ಕೊಳ್ಳಲ್ಲ.”

ಮುಂದಿನ ಜನ್ಮದ ಬಾಗಿಲು ನನಗೆ ಹೀಗೆ ಮುಚ್ಚಿರುವುದರಿಂದ, ಸಹಿಯನ್ನು ಇವತ್ತೇ ಹಾಕಿಕೊಡಬೇಕು.

ಇಂತಿ,
ಈ ಜನ್ಮಕ್ಕಷ್ಟೇ ಅವಳ ಗಂಡನಾದ
ಹಾಸಿಗೆ ವ್ಯಾಪಾರಿ