ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ ಕಚೇರಿಗೆ

ಸರ್ಕಾರಿ ಅಭಿಯೋಜಕರ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಕಚೇರಿ ನನ್ನ ತಂಗಿಯ ಮಗಳನ್ನು ಸುಳ್ಳುಗಾತಿ ಎಂದು ಬರೆದಿದೆ. ಆ ಪದವನ್ನೇ ಬಳಸಿಲ್ಲ, ನಿಜ. ನಿಮ್ಮವರ ಭಾಷೆ ಅಷ್ಟು ಒರಟಲ್ಲ. ‘ಬಾಲಸಾಕ್ಷಿಯ ಹೇಳಿಕೆಗಳಲ್ಲಿ ಸ್ಥಿರತೆ ಕಂಡುಬರುತ್ತಿಲ್ಲವಾದ್ದರಿಂದ ಪ್ರಕರಣವನ್ನು ಹಿಂತೆಗೆದುಕೊಳ್ಳುವುದು ಸೂಕ್ತ’ ಎಂದು ಬರೆದು, ಸಹಿ ಹಾಕಿ, ಅಂತಿಮ ಒಪ್ಪಿಗೆಗಾಗಿ ನಿಮ್ಮ ಮೇಜಿಗೆ ಕಳಿಸಿದ್ದಾರೆ. ಅದರ ಒಂದು ಪ್ರತಿಯನ್ನು ನಮಗೂ ಕಳಿಸಿದ ಸೌಜನ್ಯಕ್ಕೆ ಕೃತಜ್ಞಳಾಗಿದ್ದೇನೆ. ಬಾಲಸಾಕ್ಷಿಗೆ ಎಂಟು ವರ್ಷ. ಮನೆಯಲ್ಲಿ ಅವಳನ್ನು ಗುಬ್ಬಿ ಎಂದು ಕರೆಯುತ್ತೇವೆ. ನೀವು ಒಪ್ಪಿಗೆ ಕೊಟ್ಟರೆ ಅವಳನ್ನು ಕದ್ದೊಯ್ದವನು ಮುಂದಿನ ವಿಚಾರಣೆಯ ದಿನ ಆರೋಪಮುಕ್ತನಾಗಿ ಮನೆಗೆ ಹೋಗುತ್ತಾನೆ. ಈ ಬಗ್ಗೆ ನಿಮಗೆ ಖಾಸಗಿಯಾಗಿ ಬರೆದ ಮನವಿಗಳಿಗೆ ಸ್ವೀಕೃತಿಯ ಮುದ್ರೆ ಬಿದ್ದಿತೇ ಹೊರತು ಉತ್ತರ ಬರಲಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ಗುಬ್ಬಿಗೆ ಚಿತ್ರ ಬಿಡಿಸುವುದನ್ನು ಕಲಿಸುತ್ತಿದ್ದ ಮೇಷ್ಟ್ರೊಬ್ಬ ಒಂದು ಮಧ್ಯಾಹ್ನ ಶಾಲೆಯ ಗೇಟಿನ ಬಳಿ ಕಾರು ನಿಲ್ಲಿಸಿ, ‘ಅಮ್ಮ ಕಳಿಸಿದ್ದಾರೆ, ಬಾ’ ಎಂದ. ಗೊತ್ತಿದ್ದವನು, ಹತ್ತಿದಳು. ಊರ ಹೊರಗಿನ ಒಂದು ಬಾಡಿಗೆ ಗೋದಾಮಿನ ಮೇಲಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದ. ಅಲ್ಲಿ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಅದು ಅವಳದು, ಮತ್ತು ನಿಮ್ಮ ಕಡತದಲ್ಲಿ ಬೇಕಾದಷ್ಟು ವಿವರವಾಗಿಯೇ ಇದೆ. ಪಂಪು ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಒಬ್ಬ ಅಳು ಕೇಳಿ ಬಾಗಿಲು ಒಡೆದದ್ದರಿಂದ ಸಂಜೆಯೊಳಗೆ ಮಗು ನಮ್ಮ ಕೈಗೆ ಸಿಕ್ಕಿತು.

ನಿಮ್ಮ ಕಚೇರಿಯ ಬಗ್ಗೆ ಒಳ್ಳೆಯ ಮಾತೇ ಇಲ್ಲವೆಂದು ತಿಳಿಯಬೇಡಿ. ಆಗ ಈ ಪ್ರಕರಣ ನೋಡಿಕೊಳ್ಳುತ್ತಿದ್ದ ಸರ್ಕಾರಿ ವಕೀಲೆ, ಮಕ್ಕಳೊಡನೆ ಮಾತಾಡಲು ತರಬೇತಾದ ಆಪ್ತಸಮಾಲೋಚಕಿಯನ್ನು ಕರೆಸಿದರು. ಇಬ್ಬರೂ ನೆಲದ ಮೇಲೆ ಕೂತರು. ಗುಬ್ಬಿ ನೀರು ಕುಡಿದಳು, ಅತ್ತಳು, ಚಪ್ಪಲಿಯ ಪಟ್ಟಿ ಹಾಕಿ ಬಿಚ್ಚಿ ಹಾಕಿ ಬಿಚ್ಚಿ ಎಲ್ಲವನ್ನೂ ಹೇಳಿದಳು. ಕ್ಯಾಮೆರಾ ಎಲ್ಲವನ್ನೂ ದಾಖಲಿಸಿಕೊಂಡಿತು. ‘ಇನ್ನು ಇದನ್ನ ಯಾರೂ ನಿನ್ನ ಕೇಳದ ಹಾಗೆ ನೋಡ್ಕೋತೀವಿ, ಪುಟ್ಟಿ’ ಎಂದು ವಕೀಲೆ ಮಾತು ಕೊಟ್ಟರು. ಅವರು ಮಾತಿಗೆ ತಪ್ಪಲಿಲ್ಲ. ಅವರಿಗೆ ವರ್ಗವಾಯಿತು.

ಆಮೇಲೆ ಬಂದವರು ತಾವೇ ಮಗುವಿನ ಬಾಯಿಂದ ಕೇಳಬೇಕೆಂದರು. ಅವರ ನಂತರ ಬಂದವರೂ ಹಾಗೆಯೇ ಅಂದರು. ಕಡತ ಕೈ ಬದಲಾಯಿಸಿದಾಗಲೆಲ್ಲ ಮಗುವನ್ನು ಕರೆಸಿ ‘ಮೊದಲಿಂದ ಹೇಳು’ ಎನ್ನುವುದು ನಿಮ್ಮಲ್ಲಿ ಯಾವ ಸುತ್ತೋಲೆಯಲ್ಲೂ ಇಲ್ಲದ, ಎಲ್ಲರೂ ಪಾಲಿಸುವ ಪದ್ಧತಿ ಎಂದು ನನಗೆ ಕ್ರಮೇಣ ಅರ್ಥವಾಯಿತು. ನನ್ನ ತಂಗಿ ದೂರು ಕೊಟ್ಟವಳು, ತಾನೂ ಸಾಕ್ಷಿ; ಮಗು ಮಾತಾಡುವ ಕೋಣೆಯಲ್ಲಿ ಅವಳು ಇರುವಂತಿಲ್ಲ. ಹಾಗಾಗಿ ಪ್ರತಿ ಸಲವೂ ಗುಬ್ಬಿಯ ಜೊತೆ ಒಳಗೆ ಹೋದವಳು ನಾನು. ನಿಮ್ಮ ಎರಡನೇ ಮಹಡಿಯಲ್ಲಿ ‘ಮಕ್ಕಳ ಕೊಠಡಿ’ ಎಂಬ ಫಲಕವಿರುವ ಬಾಗಿಲೊಂದಿದೆ. ಅದರ ಗೋಡೆಗೆ ಆನೆ, ಜಿರಾಫೆಗಳನ್ನು ಬರೆಸಿದ್ದೀರಿ. ಕಿಟಕಿಯಿಂದ ಇಣುಕಿದರೆ ಜಿರಾಫೆಯ ಕುತ್ತಿಗೆಯವರೆಗೆ ಹಳೆಯ ಕಂಪ್ಯೂಟರುಗಳು ಪೇರಿಸಿರುವುದು ಕಾಣುತ್ತದೆ. ಮಕ್ಕಳನ್ನು ಕೂರಿಸುವುದು ಗುಮಾಸ್ತರ ಮೇಜಿನ ಎದುರಿಗೆ, ಪ್ರಿಂಟರಿನ ಪಕ್ಕ, ಚಹಾ ತರುವವರು ಬಂದು ಹೋಗುವ ಹಾದಿಯಲ್ಲಿ.

‘ಅವಳು ಹೇಳಿದ್ದೆಲ್ಲ ರೆಕಾರ್ಡ್ ಆಗಿದೆಯಲ್ಲ ಸಾರ್, ಅದನ್ನೇ ನೋಡಬಹುದಲ್ಲ?’ ಎಂದು ಮೂರನೆಯ ವಕೀಲರನ್ನು ಕೇಳಿದೆ.

‘ಅದು ಮೊಹರು ಹಾಕಿದ ಲಕೋಟೇಲಿ ಇದೆ ಮೇಡಂ. ತೆಗೀಬೇಕಂದ್ರೆ ಪತ್ರ ಬರೀಬೇಕು, ಅನುಮತಿ ಬರಬೇಕು. ಅದಕ್ಕಿಂತ ಮಗೂನ ಕರ್ಕೊಂಡು ಬರೋದೇ ಸುಲಭ ಅಲ್ವಾ?’

ಸುಲಭವೇ, ಅವರಿಗೆ. ಲಕೋಟೆ ತೆರೆಯಲು ಅನುಮತಿ ಬೇಕು, ಮಗುವನ್ನು ತೆರೆಯಲು ಬೇಡ ಎಂಬ ನಿಯಮವನ್ನು ಅರಗಿಸಿಕೊಳ್ಳುತ್ತ ಕೂತೆ.

ನಾಲ್ಕನೆಯವರು ತರುಣರು. ಕೆಟ್ಟವರೇನಲ್ಲ, ಎದುರಿಗೆ ಕಡತಗಳ ಗುಡ್ಡೆ, ಕೈಯಲ್ಲಿ ಎರಡು ಫೋನು. ‘ಹೇಳಮ್ಮ ಪುಟ್ಟಿ, ಆವತ್ತು ಏನಾಯ್ತು? ಮೊದಲಿಂದ ಹೇಳು’ ಎಂದರು.

‘ಹೇಳಿದ್ದೀನಿ.’

‘ಯಾರಿಗೆ?’

‘ಮೇಡಂಗೆ. ಆಮೇಲೆ ಮೀಸೆ ಸಾರ್‌ಗೆ. ಆಮೇಲೆ ಕೆಮ್ಮೋ ಸಾರ್‌ಗೆ.’

ಗುಮಾಸ್ತರು ಜೋರಾಗಿ ನಕ್ಕರು. ವಕೀಲರೂ ನಕ್ಕು, ‘ನಂಗೂ ಒಂದ್ಸಲ ಹೇಳ್ಬಿಡು, ಮುಗೀತು. ಕಾರು ಯಾವ ಬಣ್ಣ ಇತ್ತು?’ ಎಂದರು.

‘ಬಿಳಿ.’

‘ಬಿಳೀನಾ? ಹಿಂದೆಲ್ಲ ಬೂದು ಅಂದಿದ್ಯಲ್ಲ?’

ಗುಬ್ಬಿ ಅವರ ಮುಖವನ್ನೇ ನೋಡಿದಳು. ‘ಹಂಗಾದ್ರೆ... ಕೆಂಪಾ?’

‘ನನ್ನೇ ಕೇಳ್ತೀಯಲ್ಲಮ್ಮ! ಅಲ್ಲಿದ್ದೋಳು ನೀನೋ ನಾನೋ? ಹೋಗ್ಲಿ, ಕೋಣೆ ಬಾಗಿಲು ಹಾಕಿತ್ತಾ, ತೆಗೆದಿತ್ತಾ?’

ಅವಳು ಬಹಳ ಹೊತ್ತು ಯೋಚಿಸಿದಳು. ‘ತೆಗೆದಿತ್ತು.’

‘ಬಿಡಿ ಸಾರ್, ಮಕ್ಕಳು ಬೆಳಗ್ಗೆ ಒಂದು ಹೇಳ್ತವೆ, ಸಾಯಂಕಾಲ ಒಂದು’ ಎಂದು ಗುಮಾಸ್ತರು ಸಮಾಧಾನ ಹೇಳಿದರು. ವಕೀಲರು ಬರೆದುಕೊಂಡರು. ನಿಮ್ಮ ಮೇಜಿನ ಮೇಲಿರುವ ‘ಸ್ಥಿರತೆ’ ಎಂಬ ಪದ ಹುಟ್ಟಿದ್ದು ಆ ಘಳಿಗೆಯಲ್ಲಿ.

ಮಾನ್ಯರೇ, ಆ ಕಾರು ನಿಮ್ಮ ಪಕ್ಕದ ಪೊಲೀಸ್ ಠಾಣೆಯ ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿದೆ. ಅದರ ಬಣ್ಣ ತಿಳಿಯಲು ವಕೀಲರು ಕುರ್ಚಿಯಿಂದ ಎದ್ದು ಕಿಟಕಿಗೆ ಬಂದಿದ್ದರೆ ಸಾಕಿತ್ತು. ಬಾಗಿಲು ಹಾಕಿತ್ತೋ ಇಲ್ಲವೋ ಎಂಬುದಕ್ಕೆ ಅದನ್ನು ಒಡೆದ ಮೆಕ್ಯಾನಿಕ್ಕಿನ ಹೇಳಿಕೆ ಅದೇ ಕಡತದಲ್ಲಿದೆ. ತೆರೆದ ಬಾಗಿಲನ್ನು ಯಾರಾದರೂ ಒಡೆಯುತ್ತಾರೆಯೇ? ಗೊತ್ತಿರುವ ಉತ್ತರವನ್ನೇ ಮತ್ತೆ ಕೇಳಿ, ಬೇರೆ ಉತ್ತರ ಬಂದಾಗ ಮಗುವನ್ನು ಅನುಮಾನಿಸುವುದಕ್ಕೆ ಎಷ್ಟು ವರ್ಷದ ಕಾನೂನು ಶಿಕ್ಷಣ ಬೇಕು?

ಬಸ್ಸಿನಲ್ಲಿ ವಾಪಸು ಬರುವಾಗ ಗುಬ್ಬಿ ನನ್ನ ಸೆರಗು ಜಗ್ಗಿದಳು. ‘ದೊಡ್ಡಮ್ಮ, ಈ ಸಲ ಸರಿ ಹೇಳಿದ್ನಾ?’

‘ಸರಿ ಅಂದ್ರೆ?’

‘ಮೊದಲು ಹೇಳಿದ್ದೆಲ್ಲ ತಪ್ಪಾಗಿತ್ತಲ್ಲ. ಅದಕ್ಕೇ ಮತ್ತೆ ಮತ್ತೆ ಕೇಳ್ತಾರೆ. ನಮ್ಮ ಮಿಸ್ಸೂ ಹಂಗೇ. ಸರಿ ಹೇಳಿದ್ರೆ “ಕೂತ್ಕೋ” ಅಂತಾರೆ. ತಪ್ಪು ಹೇಳಿದ್ರೆ ಮಾತ್ರ ಇನ್ನೊಂದ್ಸಲ ಕೇಳ್ತಾರೆ. ಅದಕ್ಕೇ ಈ ಸಲ ಬೇರೆ ಹೇಳ್ದೆ.’

ಪಕ್ಕದ ಸೀಟಿನ ಹೆಂಗಸು ಶಾಲೆಯ ಪರೀಕ್ಷೆಯ ಮಾತೆಂದುಕೊಂಡು, ‘ಪರವಾಗಿಲ್ಲ ಬಿಡು ಕಂದ, ಮುಂದಿನ ಸಲ ಚೆನ್ನಾಗಿ ಓದ್ಕೊಂಡು ಹೋಗು’ ಎಂದರು.

ಗುಬ್ಬಿಯ ಪ್ರಶ್ನೆಗೆ ನಾನು ಉತ್ತರ ಹೇಳುವಂತಿಲ್ಲ. ಪ್ರಕರಣದ ವಿಷಯವಾಗಿ ಮಗುವಿನೊಡನೆ ಒಂದಕ್ಷರವೂ ಮಾತಾಡಬಾರದು, ಮಾತಾಡಿದರೆ ‘ಹೇಳಿಕೊಟ್ಟ ಸಾಕ್ಷಿ’ ಎಂದು ಎದುರು ವಕೀಲರು ಹರಿದು ಹಾಕುತ್ತಾರೆ ಎಂದು ನಿಮ್ಮ ಕಚೇರಿಯೇ ನಮಗೆ ತಾಕೀತು ಮಾಡಿದೆ. ಆ ತಾಕೀತು ಸರಿಯಾದದ್ದೇ. ಆದರೆ ಅದರ ಫಲವನ್ನು ನೋಡಿ: ಮಗುವಿಗೆ ತಪ್ಪು ಪಾಠ ಕಲಿಸುವ ಹಕ್ಕು ನಿಮ್ಮ ಕಚೇರಿಗಿದೆ, ಅದನ್ನು ತಿದ್ದುವ ಹಕ್ಕು ಮನೆಯವರಿಗಿಲ್ಲ.

ನಾನು ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳನ್ನು ಓದುವವಳು. ಒಂದೇ ಪುಟವನ್ನು ಇಬ್ಬರು ಅನುವಾದಿಸಿದರೆ ವಾಕ್ಯಗಳು ಬೇರೆಯಾಗುತ್ತವೆ, ಕೆಲವೊಮ್ಮೆ ಒಬ್ಬರದು ತಪ್ಪೇ ಆಗಿರುತ್ತದೆ. ಹಾಗೆಂದು ಅಂಥ ಕಾದಂಬರಿಯೇ ಇಲ್ಲವೆಂದು ಯಾರೂ ತೀರ್ಮಾನಿಸುವುದಿಲ್ಲ. ಸಂಶಯ ಬಂದವರು ಮೂಲವನ್ನು ತೆಗೆದು ನೋಡುತ್ತಾರೆ. ಇಲ್ಲಿ ಮೂಲ ನಿಮ್ಮ ಬೀರುವಿನಲ್ಲೇ ಇದೆ. ಅದನ್ನು ನೋಡದೆ, ನಾಲ್ಕನೆಯ ನಕಲು ಮಸುಕಾಗಿದೆಯೆಂದು ಪುಸ್ತಕವನ್ನೇ ಸುಡಲು ಹೊರಟಿದ್ದೀರಿ.

ಈ ನಡುವೆ ಆರೋಪಿ ಜಾಮೀನಿನ ಮೇಲಿದ್ದಾನೆ. ನಮ್ಮ ರಸ್ತೆಗೆ ಕಾಲಿಡಬಾರದೆಂಬುದು ಷರತ್ತು. ಅವನು ಕಾಲಿಡುವುದಿಲ್ಲ. ರಸ್ತೆ ಶುರುವಾಗುವ ತಿರುವಿನ ಚಹಾದಂಗಡಿಯಲ್ಲಿ, ಗಡಿಯಿಂದ ಒಂದಡಿ ಆಚೆ, ಶಾಲೆ ಬಿಡುವ ಹೊತ್ತಿಗೆ ಲೋಟ ಹಿಡಿದು ನಿಲ್ಲುತ್ತಾನೆ. ನಿಯಮಪಾಲನೆಯಲ್ಲಿ ನಿಮ್ಮ ಕಚೇರಿಗಿಂತ ಅವನೇ ಶಿಸ್ತಿನ ಮನುಷ್ಯ. ಇದನ್ನು ತಿಳಿಸಿದಾಗ ನಿಮ್ಮವರು, ‘ಷರತ್ತು ಮುರಿದಿಲ್ಲವಲ್ಲ ಮೇಡಂ, ಮುರಿದ್ರೆ ಬನ್ನಿ’ ಎಂದರು. ಅಂದಿನಿಂದ ಗುಬ್ಬಿ ಹಿಂದಿನ ಓಣಿಯಿಂದ ಸುತ್ತಿಕೊಂಡು ಮನೆಗೆ ಬರುತ್ತಾಳೆ. ಷರತ್ತಿನ ಪ್ರಕಾರ ರಸ್ತೆ ಬಿಡಬೇಕಾದವನು ಅವನು; ಬಿಟ್ಟವಳು ಇವಳು.

ಆದ್ದರಿಂದ ನನ್ನ ಒತ್ತಾಯವಿಷ್ಟೇ. ಆ ಹಿಂತೆಗೆತದ ಟಿಪ್ಪಣಿಗೆ ಸಹಿ ಹಾಕುವ ಮುನ್ನ ಲಕೋಟೆ ತೆರೆಯಲು ನ್ಯಾಯಾಲಯದ ಅನುಮತಿ ಕೇಳಿ. ಕೇಳಬೇಕಾದವರು ನೀವು, ಪತ್ರ ಅರ್ಧ ಪುಟದ್ದು. ಮಗು ಹೇಳಿದ್ದನ್ನು ಪೂರ್ತಿ ಕೂತು ನೋಡಿ. ನೋಡಿದ ಮೇಲೂ ಪ್ರಕರಣ ಬೇಡವೆನಿಸಿದರೆ ಕಾರಣವನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಬರೆಯಿರಿ. ಮುಂದುವರಿಸುವುದಾದರೆ ತೀರ್ಪಿನವರೆಗೆ ಒಬ್ಬರೇ ವಕೀಲರನ್ನು ಕೊಡಿ. ನ್ಯಾಯಾಲಯ ಕರೆದ ದಿನ ಬಿಟ್ಟು ಬೇರೆ ಯಾವ ದಿನವೂ ಗುಬ್ಬಿಯನ್ನು ಕರೆಸಬೇಡಿ.

ಮತ್ತು ಒಮ್ಮೆ ನಮ್ಮ ಮನೆಗೆ ಬನ್ನಿ. ಏನನ್ನೂ ಕೇಳುವುದಕ್ಕಲ್ಲ. ಕಾರಿನ ಬಣ್ಣದ ಬಗ್ಗೆಯಾಗಲಿ, ಬಾಗಿಲಿನ ಬಗ್ಗೆಯಾಗಲಿ ಒಂದು ಮಾತೂ ಬೇಡ. ಕಾನೂನಿಗೆ ಕುಂದು ಬರುವಂಥದ್ದು ಏನೂ ಬೇಡ. ಅವಳೆದುರು ಕೂತು ಇಷ್ಟು ಹೇಳಿ: ‘ಪುಟ್ಟಿ, ನಾವು ಮತ್ತೆ ಮತ್ತೆ ಕೇಳಿದ್ದು ನೀನು ತಪ್ಪು ಹೇಳಿದೆ ಅಂತ ಅಲ್ಲ. ನಾವು ಕೇಳಿಸ್ಕೊಂಡಿರಲಿಲ್ಲ.’ ಇದನ್ನು ನಾನು ಹೇಳಿದರೆ ಅಪರಾಧ. ನೀವು ಹೇಳಿದರೆ ಅದು ನಿಮ್ಮ ಕೆಲಸ.

ಇಂತಿ,
ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನಿಮ್ಮ ಅಪ್ಪಣೆಗಾಗಿ ಕಾದಿರುವ
ಒಬ್ಬ ದೊಡ್ಡಮ್ಮ