ಉಳಿದದ್ದನ್ನು ಮುಗಿಸು ಎಂದು ಓದಿದೆ

ಎಡದಂಡೆ ಕಾಲುವೆ, ಮೂರನೆಯ ಹರಿವಿನ ನಲವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತೆಂಟನೆಯ ದಿನ.

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಯಂಕೋಬನ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಕಾಲುವೆಗೆ ನೀರು ಬಿಟ್ಟ ದಿನ ನಮಗೆ ವರ್ಷ ಶುರು. ನೀರು ತಡವಾದರೆ ತಿಂಗಳೂ ಬೆಳೆಯುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡಾವು, ಮನ್ನಿಸಬೇಕು. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಮನೆಯಲ್ಲಿ ಒಬ್ಬರು ತೀರಿಕೊಂಡ ಮೂರನೆಯ ವರ್ಷಕ್ಕೆ, ಉಳಿದವರು ಹಿಂದಿನವರಿಗೆ ಒಂದು ಬರೆಯಬೇಕು, ಅದು ವಾಡಿಕೆ. ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನನ್ನ ಹೆಂಡತಿ ಹುಲಿಗೆವ್ವ ಹೋಗಿ ಮೂರು ವರ್ಷವಾಯಿತು. ಅವಳಿಗೆ ಮಧ್ಯವಯಸ್ಸಿನಲ್ಲಿ ಬಂದ ಒಂದು ಬೇನೆ, ಅದರಲ್ಲಿ ನಾನು ಮಾಡಿದ ಒಂದು ತಪ್ಪು, ಇವೆರಡನ್ನು ಬರೆಯುತ್ತೇನೆ. ಆ ಬೇನೆಗೆ ಬರ್ನೌಟ್ ಎಂದು ಹೆಸರಿಟ್ಟವರು ನೀವೇ ಅಂತೆ.

ಅವಳು ನೀರಗಂಟಿ. ತೂಬು ತೆರೆದು, ಮುಚ್ಚಿ, ಊರೂರಿಗೆ ನೀರು ಹಂಚುವ ಕೆಲಸ. ಇದು ನಿಮ್ಮ ಕಾಲದಲ್ಲೂ ಇತ್ತು. ಆದರೆ ನಮ್ಮಲ್ಲಿ ಒಬ್ಬಳ ಪಾಲಿಗೆ ಇನ್ನೂರು ತೂಬು. ಅದಕ್ಕೆಂದೇ ಕಿವಿಗೆ ಬುಗುಡಿ ಹಾಕುತ್ತಾರೆ. ನಿಮಗದು ಒಡವೆ, ನಮಗೆ ಕಿವಿಗೆ ಕಚ್ಚಿಕೊಂಡ ಗಂಟೆ. ಎಲ್ಲಿಯ ತೂಬಿನಲ್ಲಿ ನೀರು ಏರಿದರೂ ಇಳಿದರೂ ಅದು ಟಿಣ್ ಎನ್ನುತ್ತದೆ. ಬುಗುಡಿ ಬಿಚ್ಚುವುದು ಅಪಶಕುನ, ನೀರು ಮುನಿಯುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. ಹುಲಿಗೆವ್ವ ಒಂಬತ್ತು ವರ್ಷ ಅದನ್ನು ಬಿಚ್ಚಲಿಲ್ಲ. ಮೀಯುವಾಗಲೂ ಇಲ್ಲ, ಉಣ್ಣುವಾಗಲೂ ಇಲ್ಲ. ಒಂಬತ್ತನೆಯ ವರ್ಷ ಅವಳಿಗೆ ಉಂಡದ್ದು ಅರಗದಾಯಿತು, ಬಿಸಿಲಲ್ಲೂ ಅಂಗೈ ತಣ್ಣಗಿರುತ್ತಿತ್ತು, ಹಾಸಿಗೆಗೆ ಬಿದ್ದರೆ ಎದೆ ಓಡಿಬಂದವರಂತೆ ಬಡಿಯುತ್ತಿತ್ತು. ಒಂದು ದಿನ ಒಲೆಯ ಹತ್ತಿರ ಸೌಟು ಬಿತ್ತು. ಹುಲಿಗೆವ್ವ ಕೂತಲ್ಲಿಂದ ಎಗರಿದಳು. ಅವಳ ತಂಗಿ ದುರುಗವ್ವ ನಕ್ಕು, "ಅಕ್ಕಾ, ಸೌಟು ಬಿದ್ರ ಹಿಂಗ್ಯಾಕ ಹಾರ್ತಿ? ಕಪ್ಪಿ ಆಗೀಯೇನ?" ಎಂದಳು.

"ಕಪ್ಪಿಗಾದ್ರೂ ಬ್ಯಾಸಿಗ್ಯಾಗ ನಿದ್ದಿ ಸಿಗ್ತೈತಿ, ನನಗೆಲ್ಲೈತಿ?" ಎಂದಳು ಇವಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ನಮ್ಮ ಊರಿನ ಚಾವಡಿಯಲ್ಲಿ ಹಳೆವೈದ್ಯ ಎಂಬ ಪೆಟ್ಟಿಗೆ ಇದೆ. ನಿಮ್ಮ ಕಾಲದ ಕೊನೆಯಲ್ಲಿ ಮಾಡಿದ್ದು. ಕೈ ಇಟ್ಟರೆ ನಾಡಿ ನೋಡಿ ಚೀಟಿ ಬರೆದುಕೊಡುತ್ತದೆ. ಅದರ ಕನ್ನಡ ಎಂದೋ ಕೆಟ್ಟುಹೋಗಿದೆ, ಇಂಗ್ಲಿಷು ಮಾತ್ರ ಉಳಿದಿದೆ. ಆ ಭಾಷೆಯನ್ನು ಆಡುವವರು ಈ ಸೀಮೆಯಲ್ಲಿ ಯಾರೂ ಇಲ್ಲ, ಓದಬಲ್ಲವರು ಇಬ್ಬರು ಮೂವರು. ಅದರಲ್ಲಿ ನಾನೊಬ್ಬ. ಕಾಲೇಜಿನಲ್ಲಿ ಎರಡು ವರ್ಷ ಕಲಿತಿದ್ದೆ, ನಿಮ್ಮವರು ಸಂಸ್ಕೃತ ಕಲಿಯುತ್ತಿದ್ದ ಹಾಗೆ. ಗೋ, ವೆಂಟ್, ಗಾನ್ ಎಂದು ಈಗಲೂ ಹೇಳುತ್ತೇನೆ, ಎಲ್ಲಿಗೆ ಹೋಗಬೇಕು ಎಂದು ಮಾತ್ರ ಗೊತ್ತಿಲ್ಲ. ಇರಲಿ. ಹುಲಿಗೆವ್ವನನ್ನು ಅಲ್ಲಿಗೆ ಕರೆದೊಯ್ದಾಗ ಪೆಟ್ಟಿಗೆ ನಾಡಿ ನೋಡಿ ಬರೆದದ್ದು ಇಷ್ಟು: ಕಂಪ್ಲೀಟ್ ರೆಸ್ಟ್, ಸಿಕ್ಸ್ ಮಂತ್ಸ್. ಕಂಪ್ಲೀಟ್ ಎಂದರೆ ಮುಗಿಸು, ಇದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಇರುತ್ತಿತ್ತು. ರೆಸ್ಟ್ ಎಂದರೆ ಉಳಿದದ್ದು, ಇದೂ ಇರುತ್ತಿತ್ತು. ನೆರೆದವರ ಎದುರಿಗೆ ಗಟ್ಟಿಯಾಗಿ ಅರ್ಥ ಹೇಳಿದೆ: "ಉಳಿದದ್ದನ್ನು ಆರು ತಿಂಗಳಲ್ಲಿ ಮುಗಿಸು."

ಕಾಲುವೆಯ ಯಜಮಾನ ಗವಿಸಿದ್ದಪ್ಪನಿಗೆ ಸಂತೋಷವಾಯಿತು. ಕೊನೆಯಂಚಿನ ಮೂವತ್ತು ತೂಬುಗಳಿಗೆ ಜನ ಸಿಕ್ಕಿರಲಿಲ್ಲ. "ವೈದ್ಯನ ಮಾತು ಮೀರಬಾರ್ದವ್ವ, ಉಳಿದವೂ ನೀನ ನೋಡ್ಕೊ" ಎಂದ. ಹುಲಿಗೆವ್ವ ನನ್ನ ಮುಖ ನೋಡಿದಳು. ಚೀಟಿಯಲ್ಲಿ ಹಾಗೇ ಇದೆ ಎಂದೆ.

ಐದು ತಿಂಗಳು ಕಳೆದವು. ಒಂದು ಮಧ್ಯಾಹ್ನ ಬುಗುಡಿ ಟಿಣ್ ಟಿಣ್ ಎನ್ನುತ್ತಲೇ ಇತ್ತು, ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು. ಅವಳು ಎಗರಲಿಲ್ಲ, ಏಳಲಿಲ್ಲ, ತಿರುಗಿ ನೋಡಲಿಲ್ಲ. ಗುಣವಾಯಿತು ಎಂದುಕೊಂಡೆ ನಾನು. ಸಂಜೆಯವರೆಗೆ ಅವಳು ಅಲ್ಲೇ ಇದ್ದಳು, ಮಗಳ ಹೆಸರು ಕೇಳಿದರೆ ಬಹಳ ಹೊತ್ತು ಯೋಚಿಸಿದಳು. ಆಗ ಭಯವಾಗಿ, ಕಾಲೇಜಿನಲ್ಲಿ ಇಂಗ್ಲಿಷು ಕಲಿಸಿದ್ದ ಜೈತುನಬಿ ಮೇಡಂ ಬಳಿ ಚೀಟಿ ಒಯ್ದೆ. ಅವರು ಕನ್ನಡಕ ಏರಿಸಿ, "ಯಂಕೋಬಾ, ಇಲ್ಲಿ ಕಂಪ್ಲೀಟ್ ಕ್ರಿಯಾಪದ ಅಲ್ಲೋ! ಪೂರ್ತಿ ವಿಶ್ರಾಂತಿ ಅಂತ ಐತಿ. ನನ್ನ ಕೈಯಾಗ ಕಲ್ತು ಹಿಂಗ ಓದೀಯಾ?" ಎಂದರು. ಜೊತೆಗೆ ಬಂದಿದ್ದ ದುರುಗವ್ವ, "ಭಾವ, ನೀ ಸಾಲಿಗೆ ಹೋಗದಿದ್ರ ನಮ್ಮಕ್ಕ ಬದುಕ್ತಿದ್ಲು" ಎಂದಳು. ಅಕ್ಕ ಇನ್ನೂ ಬದುಕಿದ್ದಳು, ಉಳಿಸಿಕೊಳ್ಳುವುದು ಬಾಕಿ ಇತ್ತು.

ಜೈತುನಬಿ ಪೆಟ್ಟಿಗೆಯ ಮುಂದೆ ಕೂತು, ಅದರಿಂದ ಹೊಸ ಚೀಟಿಗಳನ್ನು ಬರೆಸಿ, ಓದಿ ಹೇಳಿದರು. ನನಗೆ ತಿಳಿದಷ್ಟು ಬರೆಯುತ್ತೇನೆ, ಪಂಡಿತರು ಒಪ್ಪದಿರಬಹುದು. ಮೈಯಲ್ಲಿ ಎರಡು ಬಗೆಯ ನರಗಳಿವೆ. ಒಂದು ಎಚ್ಚರದ್ದು: ಅಪಾಯ ಬಂದಾಗ ಎದೆಬಡಿತ ಏರಿಸಿ, ಹೊಟ್ಟೆಯ ಕೆಲಸ ತಡೆದು, ಓಡಲು ಅಣಿಮಾಡುತ್ತದೆ. ಇನ್ನೊಂದು ಸಮಾಧಾನದ್ದು: ಉಂಡದ್ದನ್ನು ಅರಗಿಸಿ, ನಿದ್ದೆಗೆ ಇಳಿಸುತ್ತದೆ. ವರ್ಷಗಟ್ಟಲೆ ಗಂಟೆ ಹೊಡೆದರೆ ಮೊದಲನೆಯದು ತುಕ್ಕು ಹಿಡಿದು ಮುಚ್ಚಲಾಗದ ತೂಬಿನಂತೆ ತೆರೆದೇ ನಿಲ್ಲುತ್ತದೆ. ಆಮೇಲೂ ಬಿಡದಿದ್ದರೆ ಮೈ ಸೋತು ಎಲ್ಲವನ್ನೂ ಮಂದ ಮಾಡಿಕೊಂಡು ಕೂರುತ್ತದೆ. ನಾನು ಗುಣ ಎಂದುಕೊಂಡದ್ದು ಅದನ್ನೇ.

ಬುಗುಡಿ ಬಿಚ್ಚಿಸಿದೆವು. ನೀರು ಮುನಿಯಲಿಲ್ಲ. ತಿಂಗಳುಗಟ್ಟಲೆ ಅವಳ ಬರಿ ಕಿವಿಯಲ್ಲಿ ಗಂಟೆ ಕೇಳುತ್ತಲೇ ಇತ್ತು, ಸುಮ್ಮನೆ ಮಲಗಿಸಿದರೆ ಇನ್ನೂ ಜೋರಾಗಿ. ಹಾಗಾಗಿ ದಿನವೂ ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ಕಾಲುವೆಯ ದಂಡೆಯ ಮೇಲೆ ನಡಿಗೆ, ಕತ್ತಲಾದೊಡನೆ ಹಾಸಿಗೆ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು ಎಂದು ಚೀಟಿಯಲ್ಲಿತ್ತು; ದುರುಗವ್ವ ಅದಕ್ಕೆ ಬೀಸುಕಲ್ಲಿನ ಪದ ಹಾಡಿಸಿದಳು, ಸಾಲು ಉದ್ದವಿದ್ದರೆ ಉಸಿರು ತಾನೇ ಉದ್ದವಾಗುತ್ತದೆ. ಒಂದು ಮೊರ ಅಕ್ಕಿ ಆರಿಸಲು ಕೊಡುತ್ತಿದ್ದೆವು, ಕಣ್ಣೆದುರು ಮುಗಿಯುವ ಕೆಲಸ. ನಾಲ್ಕನೆಯ ತಿಂಗಳು ಮೈ ಹಗುರಾಯಿತೆಂದು ಒಂದೇ ದಿನ ಮನೆಯೆಲ್ಲ ಸಾರಿಸಿ, ಎಂಟು ದಿನ ಮಲಗಿದಳು. ಮೇಲೇರುವುದು ಹಾಗೆಯೇ ಅಂತೆ, ಹತ್ತಿ ಜಾರಿ. ಆರು ತಿಂಗಳಲ್ಲಿ ಆಗಬೇಕಾದದ್ದಕ್ಕೆ ಎರಡು ವರ್ಷ ಹಿಡಿಯಿತು. ಆಮೇಲೆ ನಲವತ್ತು ತೂಬು ಮಾತ್ರ ಹಿಡಿದಳು, ಹೊತ್ತು ಮುಳುಗಿದ ಮೇಲೆ ಬುಗುಡಿ ಗೂಟಕ್ಕೆ. ಈಗ ಎಡದಂಡೆಯ ನೀರಗಂಟಿಗಳೆಲ್ಲ ಹಾಗೇ ಮಾಡುತ್ತಾರೆ. ಗುಣವಾದ ಮೇಲೆ ಹತ್ತೊಂಬತ್ತು ವರ್ಷ ಬದುಕಿದಳು.

ಒಮ್ಮೆ ಅಕ್ಕಿ ಆರಿಸುತ್ತ ಕೂತಿದ್ದಾಗ ಕೇಳಿದೆ: ಆ ಐದು ತಿಂಗಳಲ್ಲಿ ಇನ್ನು ಆಗದು ಅಂತ ಒಂದು ಮಾತು ಹೇಳಬಾರದಿತ್ತೇ? ಚೀಟಿಯದೇ ತಪ್ಪು ಎಂದು ಅವಳ ಬಾಯಿಂದ ಕೇಳುವ ಆಸೆ ನನಗಿತ್ತೇನೋ. ಅವಳು ಕಲ್ಲು ಹೆಕ್ಕುತ್ತಲೇ ಅಂದಳು: "ಉಣ್ಣೋದ ಬಿಟ್ಟೆ. ಮಲಗೋದ ಬಿಟ್ಟೆ. ನಿಂತಲ್ಲೇ ಅತ್ತೆ. ಅದೇನ ಇಂಗ್ಲಿಷ್ ಆಗಿತ್ತಾ?"

ಹಿರಿಯರೇ, ನನ್ನ ಕೋರಿಕೆ ಒಂದೇ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹೇಳುತ್ತಿದ್ದರೆ, ಅರ್ಥಕ್ಕಾಗಿ ಚೀಟಿ ಹುಡುಕಬೇಡಿ. ಹೋಗಿಬರುತ್ತೇನೆ.

ಯಂಕೋಬ