ಹಿಲ್‌ಟ್ರೂಡ್ ಹೇಳಿಕೊಟ್ಟ ಸಾಲುಗಳು

ಜೂನ್ 10, ಮಂಗಳವಾರ. ಬೆಳಿಗ್ಗೆ

ಉಪ್ಪುನೀರು ಮುಕ್ಕಳಿಸಿದೆ. ಸ್ವರ ಹಿಡಿದೆ. ಮೇಲಿನ ಸ್ವರ ಇನ್ನೂ ಗಟ್ಟಿ — ಐವತ್ಮೂರರ ವಯಸ್ಸಿಗೆ ಇಷ್ಟು ಸಾಕು. ಕೆಳಮನೆಯ ಮುದುಕ ಪೊರಕೆ ಹಿಡಿಯಿಂದ ಸೂರು ಕುಟ್ಟಿದ. ಹತ್ತಕ್ಕೆ ಮೊದಲು ಹಾಡಬಾರದಂತೆ.

ಅಂಚೆಯಲ್ಲಿ ನಾನು ಹಾಡುವ ಒಪೆರಾ ರಂಗಮಂದಿರದ ಲಕೋಟೆ. ಮುಖ್ಯಸ್ಥ ಡಾಕ್ಟರ್ ಫಾಸ್‌ಬೆಕ್ ಹದಿನೇಳನೇ ತಾರೀಕಿಗೆ ಕರೆದಿದ್ದಾರೆ, ‘ಕರಾರು ಮುಂದುವರಿಸದಿರುವ ಆಲೋಚನೆ’ ಕುರಿತು. ನಂಬಿಕೆಯ ಒಬ್ಬರನ್ನು ಜೊತೆಗೆ ಕರೆತರಬಹುದಂತೆ.

ಎರಡು ಸಲ ಓದಿದೆ. ಹದಿನಾಲ್ಕನೇ ಸೀಸನ್ ಮುಗಿಯುತ್ತಿದೆ. ಜುಲೈ ಕಳೆಯುವ ತನಕ ನೋಟಿಸು ಬರದಿದ್ದರೆ ಕರಾರು ತಾನಾಗಿ ಮುಂದುವರಿದು ಹದಿನೈದು ದಾಟಿದಂತೆಯೇ. ಆಮೇಲೆ ನಿವೃತ್ತಿಯವರೆಗೆ ನನ್ನನ್ನು ಯಾರೂ ಅಲ್ಲಾಡಿಸುವಂತಿಲ್ಲ. ಏಳು ವಾರ. ಏಳೇ ವಾರ ಉಳಿದಿತ್ತು...

ಜೂನ್ 12, ಗುರುವಾರ

ಹಿಲ್‌ಟ್ರೂಡ್ ಸ್ಟ್ರಾಬೆರಿ ಕೇಕು ಹೊತ್ತು ಬಂದಳು. ನಮ್ಮ ಪ್ರಾಂಪ್ಟರ್. ರಂಗದ ಅಂಚಿನ ಗೂಡಿನಲ್ಲಿ ಕುತ್ತಿಗೆಮಟ್ಟ ಹುಗಿದು ಕೂತು, ಹಾಡುವವರಿಗೆ ಸಾಲು ಎತ್ತಿಕೊಡುವವಳು. ಕಳೆದ ಚಳಿಗಾಲದಿಂದ ನನಗೆ ಮಾತು ಜಾರುತ್ತದೆ. ದನಿಯಲ್ಲ, ಹಾಡಿನ ಮಾತು. ಅವಳಿಗೆ ಮಾತ್ರ ಗೊತ್ತು. ಸೊಂಟಕ್ಕೆ ಕೈ ಇಟ್ಟರೆ ಸಾಕು, ಒಂದು ಉಸಿರು ಮುಂಚೆ ಅವಳ ತುಟಿಯಲ್ಲಿ ಸಾಲು ಸಿದ್ಧ. ವಾದ್ಯವೃಂದ ನಡೆಸುವವನಿಗೂ ತಿಳಿಯುವುದಿಲ್ಲ.

ಜೊತೆಗೆ ಬಾ ಎಂದೆ.

“ನಾನೇ ಬೇಕೇನೆ?”

“ನಿನ್ನ ಬಿಟ್ರೆ ಯಾರಿದಾರೆ ನಂಗೆ?”

“ಹೆದರ್ಬೇಡ ವೀಬ್ಕೆ. ಹೆದರ್ಸೋಕೆ ಕರೀತಾರೆ ಅಷ್ಟೆ. ಹದಿನೈದು ದಾಟಿದೋರನ್ನ ತೆಗೆಯೋಕಾಗುತ್ತಾ?”

“ಎಲ್ಲಿ ದಾಟಿದೆ ಮಾರಾಯ್ತಿ? ಮೊದಲ್ನೇ ವರ್ಷ ಅತಿಥಿಯಾಗಿ ಹಾಡಿದ್ದು. ಅದು ಲೆಕ್ಕಕ್ಕಿಲ್ಲ.”

ಅವಳ ಫೋರ್ಕು ನಿಂತಿತು. ಕೇಕು ಅರ್ಧಕ್ಕೇ ಬಿಟ್ಟಳು. ಬರ್ತೀನಿ ಎಂದಳು.

ಜೂನ್ 17, ಮಂಗಳವಾರ

ಫಾಸ್‌ಬೆಕ್ ಎದ್ದು ನಿಂತು ಕೈ ಕುಲುಕಿದರು. ಕಾಫಿ ಸಹ ಬಂತು.

“ವೀಬ್ಕೆ ಹಾರ್ನಿಶ್ ಅವರೇ, ನಿಮ್ಮ ದನಿ ಬಗ್ಗೆ ಯಾರೂ ಒಂದು ಮಾತು ಆಡೋ ಹಾಗಿಲ್ಲ. ನೆನಪಿನದೇ ತೊಂದರೆ.” ಕಾಗದ ತೆಗೆದು ಓದಿದರು. “ನವೆಂಬರ್ 23, ಎರಡನೇ ಅಂಕ. ಡಿಸೆಂಬರ್ 14, ಎರಡು ಸಲ...” ಒಟ್ಟು ಹದಿನಾರು.

“ಇದನ್ನ ಯಾರು ಕೊಟ್ಟಿದ್ದು?”

“ಅದು ಬಿಡಿ. ಸುಳ್ಳು ಅಂತೀರಾ?”

ಸುಳ್ಳಲ್ಲ. ಹಿಲ್‌ಟ್ರೂಡ್ ಕಡೆ ತಿರುಗಿದೆ. ಏನಾದರೂ ಹೇಳಲಿ — ಅದಕ್ಕೇ ತಾನೇ ಬಂದವಳು? ಕೈಚೀಲದ ಜಿಪ್ಪು ಎಳೆಯುತ್ತಿದ್ದಳು, ಬಿಡುತ್ತಿದ್ದಳು. ಇಳಿಯುವಾಗ ಮಾತ್ರ ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ರೋಗಿಯನ್ನು ಇಳಿಸುವ ಹಾಗೆ.

ಜೂನ್ 18. ಬೆಳಿಗ್ಗೆ ಆರು

ಡಿಸೆಂಬರ್ 14ರ ಎರಡನೆಯದು. ಆವತ್ತು ಕೈ ಸೊಂಟಕ್ಕೆ ಹೋಗಲೂ ಇಲ್ಲ. ಬರೀ ಕಣ್ಣಲ್ಲಿ ಕೇಳಿದ್ದೆ. ಆ ಕಣ್ಣು ಕಾಣುವುದು ಗೂಡಿನಿಂದ ಮಾತ್ರ.

ಮಧ್ಯಾಹ್ನ

ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಆಸ್ಪರಾಗಸ್ ಸಿಪ್ಪೆ ಹೆರೆಯುತ್ತಿದ್ದಳು. ಕೂರು ಎನ್ನಲಿಲ್ಲ.

“ಪ್ರಾಂಪ್ಟರ್ ಯಾಕೆ ಬೇಕು ಅಂತ ಫಾಸ್‌ಬೆಕ್ ಕೇಳಿದ್ರು ಕಣೆ. ಯಾರಿಗೆ ಎಷ್ಟು ಸಲ ಹೇಳ್ಕೊಟ್ಟೆ, ಸೀಸನ್ ಮುಗಿಯೋವರ್ಗೂ ಬರ್ಕೊಡು ಅಂದ್ರು. ಇಲ್ದಿದ್ರೆ ಗೂಡು ಮುಚ್ತೀವಿ ಅಂದ್ರು. ಹೊಸಬ್ರ ಹೆಸರು ಬರೆದ್ರೆ ಅವರು ಕೆಲಸ ಕಳ್ಕೊಂಡು ಮನೆಗೆ ಹೋಗ್ತಾರೆ. ನೀನು ಹದಿನೈದು ದಾಟಿದೀಯ, ನಿಂಗೇನೂ ಆಗಲ್ಲ ಅಂದ್ಕೊಂಡೆ. ಎಲ್ಲರದೂ ನಿನ್ನ ಹೆಸರಿಗೇ ಹಾಕಿದ್ರೂ ಆಗ್ತಿತ್ತು. ನಿಂದಷ್ಟೇ ಹಾಕ್ದೆ.”

“ಉಪಕಾರ ಆಯ್ತು.”

“ವೀಬ್ಕೆ...”

“ಗುರುವಾರ ಗೊತ್ತಾಯ್ತಲ್ಲ? ಕೇಕು ತಿನ್ನೋವಾಗ? ಆಗ್ಯಾಕೆ ಬಾಯಿ ಬಿಡ್ಲಿಲ್ಲ?”

“ಹೇಳಿದ್ರೆ ನೀನು ನನ್ನನ್ನ ಜೊತೆಗೆ ಕರ್ಕೊಂಡು ಹೋಗ್ತಿರ್ಲಿಲ್ಲ.”

ನಿಜ. ಬಾಯಿ ಇರುವ ಯಾರನ್ನಾದರೂ ಕರೆದೊಯ್ಯುತ್ತಿದ್ದೆ.

ಜೂನ್ 29, ಭಾನುವಾರ

ನೋಟಿಸು ಬಂದು ಐದು ದಿನ. ಮುಂದಿನ ಸೀಸನ್ ಕೊನೆಯದು.

ನಾನು ಬೇಕರಿಯವನ ಮಗಳು. ಚರ್ಚಿನ ಹಾಡಿನ ಪುಸ್ತಕ ಇಟ್ಟುಕೊಂಡು ಸ್ವರ ಓದಲು ನಾನೇ ಕಲಿತೆ. ಈ ರಂಗಮಂದಿರಕ್ಕೆ ಬಂದಾಗ ಮೂವತ್ತೆಂಟು. ಮೆಜೊ ದನಿ — ಎತ್ತರದ್ದೂ ಅಲ್ಲ, ತಗ್ಗಿನದೂ ಅಲ್ಲ. ಪ್ರೇಮಿಸಿ ಸಾಯುವುದು ಎತ್ತರದ ದನಿಯ ಸೊಪ್ರಾನೊ ಪಾಲು. ನಮಗೆ ದಾಸಿ, ದಾದಿ, ಮಾಟಗಾತಿ, ಪ್ಯಾಂಟು ತೊಟ್ಟು ಹುಡುಗನ ವೇಷ. ಬೇಸರ ಇರಲಿಲ್ಲ. ಪಿಸುಮಾತು ಕೇಳಿಸಿಕೊಳ್ಳುವ ದಾಸಿ, ಗುಟ್ಟು ಕಾಯುವ ದಾದಿ — ಎಷ್ಟು ಸಲ ಆಡಿದ್ದೇನೆ! ಗುಟ್ಟು ಬಿಟ್ಟುಕೊಡುವವಳ ಪಾತ್ರ ಮಾತ್ರ ಒಮ್ಮೆಯೂ ಸಿಗಲಿಲ್ಲ.

ಜುಲೈ 6, ಭಾನುವಾರ. ಮಧ್ಯಾಹ್ನದ ಆಟ ಮುಗಿದ ಮೇಲೆ

ಎರಡನೇ ಅಂಕದಲ್ಲಿ ಮಾತು ಹೋಯಿತು. ಮೂರನೇ ಸಾಲು, ತಲೆ ಪೂರಾ ಖಾಲಿ. ಕೆಳಗೆ ಗೂಡಿನತ್ತ ನೋಡಬಾರದೆಂದು ಬೆಳಿಗ್ಗೆಯಿಂದ ಆಣೆ ಹಾಕಿಕೊಂಡಿದ್ದೆ. ನೋಡಿದೆ. ಕೊಟ್ಟಳು. ತೆಗೆದುಕೊಂಡೆ. ಚಪ್ಪಾಳೆ ಜೋರಾಗಿಯೇ ಬಿತ್ತು.

ಬಣ್ಣ ಒರೆಸುವಾಗ ಬಾಗಿಲಲ್ಲಿ ನಿಂತಿದ್ದಳು. ಹದಿನೆಂಟು ದಿನಕ್ಕೆ ಮೊದಲ ಮಾತು.

“ಇವತ್ತಿಂದು ಬರಿಯಲ್ಲ ಕಣೆ.”

“ಯಾಕೆ? ಬರಿ. ಇಲ್ಲೇ, ನನ್ನೆದುರಿಗೇ ಬರಿ.”

ಸಿಟ್ಟಿಗೆ ಅಂದದ್ದು. ಆ ಲೆಕ್ಕ ಬರೆಯುವ ಪುಸ್ತಕ ಹರಿದೆಸೆಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿದ್ದೆ. ಚೀಲದಿಂದ ಪುಸ್ತಕ ತೆಗೆದಳು. ಪೆನ್ಸಿಲ್ ತೆಗೆದಳು.

“ಎರಡನೇ ಅಂಕ ತಾನೇ?” ಎಂದಳು.

ಹೂಂ ಎಂದೆ.

ಬರೆದಳು.